ಗೆಳೆಯನ ಸ್ಟ್ರೀಟ್ ರಾಡ್‌ನ ಪುಟ್ಟ ಮಾದರಿ: ಕಿಟ್, ಡೈಕಾಸ್ಟ್, ಇಲ್ಲ ತ್ರೀಡಿ ಪ್ರಿಂಟ್?

ಗೆಳೆಯನ ಸ್ಟ್ರೀಟ್ ರಾಡ್‌ನ, ಅಂದರೆ ರಸ್ತೆಯಲ್ಲಿ ಓಡಿಸಲು ಮಾರ್ಪಡಿಸಿದ ಹಳೇ ಕಾರಿನ, ಪುಟ್ಟ ಮಾದರಿ ಮಾಡಲು ಯಾವ ದಾರಿ ವಾಸಿ ಎಂದು ಕೇಳಿದ್ದೀರಿ. ಕಾರು 1932ರ ಫೋರ್ಡ್ ಅಂದಿರಿ. ಹಾಗಿದ್ದರೆ ಅರ್ಧ ಕೆಲಸ ಸಲೀಸು. ರೆವೆಲ್‌ನಂಥ ಕಂಪನಿಗಳು ಅದರ 1/25 ಅಳತೆಯ ಪ್ಲಾಸ್ಟಿಕ್ ಕಿಟ್ (ಬಿಡಿಭಾಗಗಳನ್ನು ನಾವೇ ಜೋಡಿಸುವಂಥದ್ದು) ತಂದಿವೆ.

ಮೊದಲು ನೋಡಬೇಕಾದ್ದು ಛಾವಣಿ. ಅವನು ಅದನ್ನು ಕತ್ತರಿಸಿ ತಗ್ಗಿಸಿದ್ದಾನಾ? ಹೌದಾದರೆ ಕಿಟ್ಟೇ ವಾಸಿ. ಪ್ಲಾಸ್ಟಿಕ್ಕನ್ನು ಸಣ್ಣ ಗರಗಸದಲ್ಲಿ ಕೊಯ್ದು, ಅಂಟಿಸಿ, ಪುಟ್ಟಿ ಹಚ್ಚಿ ಉಜ್ಜಬಹುದು. ನಿಜವಾದ ಕಾರಲ್ಲಿ ನಾಲ್ಕು ಇಂಚು ತಗ್ಗಿಸಿದ್ದರೆ ಇಲ್ಲಿ ಬರೀ ನಾಲ್ಕು ಮಿಲಿಮೀಟರ್! ಡೈಕಾಸ್ಟ್ ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಸಿದ್ಧ ಮಾದರಿ, ಸತುವಿನ ಮಿಶ್ರಲೋಹದ್ದು; ಕೊಯ್ಯುವುದು ಸುಮ್ನೆ ತಲೆನೋವು. ಬಣ್ಣ, ಚಕ್ರ ಮಾತ್ರ ಬದಲಾಗಬೇಕಿದ್ದರೆ ಡೈಕಾಸ್ಟೇ ಬೇಗ ಮುಗಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಗಟ್ಟಿಯೂ ಹೌದು.

ಪ್ರಿಂಟ್? ಕಿಟ್ಟೇ ಸಿಗದ ಕಾರಿಗೆ ಅದು ದಾರಿ. ಆದರೆ ಕಂಪ್ಯೂಟರಿನಲ್ಲಿ ಮಾದರಿ ಬರೆಯುವ ಕೆಲಸ ಜಾಸ್ತಿ. ಪ್ರಿಂಟಿಗೆ ಬಳಸುವ ರೆಸಿನ್ನಿನ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ಕಿನ) ತೆಳು ಭಾಗಗಳು ಪಟ್ಟನೆ ಮುರಿಯುತ್ತವೆ. ಚಕ್ರ, ಸೀಟು ಮಾತ್ರ ಪ್ರಿಂಟ್ ಮಾಡಿ ಕಿಟ್‌ಗೆ ಸೇರಿಸುವವರೂ ಇದ್ದಾರೆ. ನನಗೆ ಇಷ್ಟವಾಗುವುದು ಇದೇ.

ಖರ್ಚಿನಲ್ಲಿ ಕಿಟ್ ಅಗ್ಗ ಅನ್ನಿಸುತ್ತದೆ, ಪ್ರೈಮರ್, ಬಣ್ಣ, ಏರ್‌ಬ್ರಷ್ ಕೊಳ್ಳುವವರೆಗೆ. ಯಾವುದೇ ಆಗಲಿ, ಗೆಳೆಯನ ಕಾರಿನ ಫೋಟೊ ಎಲ್ಲ ಕಡೆಯಿಂದ ತೆಗೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡನ್ನೇ ಎಲ್ಲರೂ ಮರೆಯುವುದು, ಅಲ್ವಾ?