ಕ್ಯಾರವಾನ್ ಶೆಡ್ಡಿಗೆ ಬಿಡುವ ಬಳ್ಳಾರಿಯವರೇ, ನೀರಿನ ಟ್ಯಾಂಕಿಗೆ ಏನು ಹಾಕಿದ್ದಾರೆ ಅಂತ ಕೇಳಿ

ಕ್ಯಾರವಾನನ್ನು ತಿಂಗಳುಗಟ್ಟಲೆ ಬೇರೆಯವರ ಶೆಡ್ಡಿನಲ್ಲಿ ನಿಲ್ಲಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕ್ಯಾರವಾನಿನ ಕುಡಿಯುವ ನೀರಿನ ಟ್ಯಾಂಕಿಗೆ ಶೆಡ್ಡಿನವರು ರೇಡಿಯೇಟರ್‌ಗೆ ಹಾಕುವ ಕೂಲಂಟ್ ಸುರಿದಿದ್ದರು. ನಮಗೆ ಒಂದು ಮಾತು ಹೇಳಿರಲಿಲ್ಲ. ಅದು ವಿಷ.

ನಮ್ಮದು ಬೊಲೆರೊ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಕ್ಯಾರವಾನ್. ಒಳಗೆ ಮಲಗೋಕೆ ಜಾಗ, ಗ್ಯಾಸ್ ಒಲೆ, ಸಿಂಕು, ಪುಟ್ಟ ಫ್ರಿಜ್, ನೀರಿನ ಟ್ಯಾಂಕ್. ಅಣ್ಣನ ಮನೆಯವರು, ನಾವು ಸೇರಿ ತಗೊಂಡಿದ್ದು. ಬಳ್ಳಾರಿ ಕಡೆ ಆರಾಮಾಗಿ ಸುತ್ತಾಡೋಕೆ ಆಗುವುದು ದೀಪಾವಳಿಯಿಂದ ಶಿವರಾತ್ರಿವರೆಗೆ. ಆಮೇಲೆ 40 ಡಿಗ್ರಿ ದಾಟುವ ಬಿಸಿಲು, ಅದರ ಹಿಂದೆಯೇ ಮಳೆಗಾಲ. ಹಾಗಾಗಿ ಶಿವರಾತ್ರಿ ಮುಗಿದ ಮೇಲೆ ಬೈಪಾಸ್ ಕಡೆಯ ಒಂದು ಶೆಡ್ಡಿನಲ್ಲಿ ತಿಂಗಳ ಬಾಡಿಗೆಗೆ ಬಿಟ್ಟೆವು. "ಬರೀ ಜಾಗ ಅಲ್ರಿ, ಪೂರ್ತಿ ನಾವೇ ನೋಡ್ಕೊಳ್ತೀವಿ" ಅಂತ ಅದಕ್ಕೆ ಬೇರೆ ದುಡ್ಡು ತಗೊಂಡರು. ಟ್ಯಾಂಕ್ ಖಾಲಿ ಮಾಡುವುದು, ಬ್ಯಾಟರಿ ಬಿಚ್ಚಿಡುವುದು, ಚಕ್ರದ ಮೇಲಿನ ಭಾರ ಇಳಿಸುವುದು, ಎಲ್ಲ ಮಾತಾಗಿತ್ತು.

ದೀಪಾವಳಿ ಹೊತ್ತಿಗೆ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದೆವು. ಟ್ಯಾಂಕಿಗೆ ನೀರು ತುಂಬಿಸಿ, ಅತ್ತಿಗೆ ಚಹಾಕ್ಕೆ ಅಂತ ನಲ್ಲಿ ತೆರೆದರು. ಸ್ಟೀಲ್ ಪಾತ್ರೆಯಲ್ಲಿ ನೀರು ತುಸು ಹಸಿರಾಗಿ ಕಂಡಿತು. ಬೆರಳಾಡಿಸಿದರೆ ಜಾರುತ್ತಿತ್ತು. ಪಾಚಿ ಇರಬೇಕು ಅಂದುಕೊಂಡು ಅವರು ಚೆಲ್ಲಿದರು. ಪುಣ್ಯಕ್ಕೆ ಚೆಲ್ಲಿದರು. ಮಕ್ಕಳು ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ಶೆಡ್ಡಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗ ಹೆಮ್ಮೆಯಿಂದಲೇ ಹೇಳಿದ: "ಪೈಪಿಗೆ ಔಷಧಿ ಹಾಕೀವಲ್ರಿ ಅಣ್ಣಾರ, ಫಾರಿನ್ನಾಗ ಹಂಗೇ ಮಾಡ್ತಾರ." ನಾನು, ಅಣ್ಣ ಹೋಗಿ ನೋಡಿದರೆ ಖಾಲಿ ಕ್ಯಾನ್ ಅಲ್ಲೇ ಬಿದ್ದಿತ್ತು. ಲಾರಿ, ಕಾರಿಗೆ ಹಾಕುವ ಸಾಮಾನ್ಯ ಕೂಲಂಟ್. ಲೇಬಲ್ ಮೇಲೆ ಇಥಿಲೀನ್ ಗ್ಲೈಕಾಲ್ ಅಂತ ಸ್ಪಷ್ಟವಾಗಿ ಬರೆದಿತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಮೊಬೈಲಿನಲ್ಲಿ ನೋಡಿದ್ದನ್ನು ಮಾಡಿದ್ದಾನೆ. ಸಿಟ್ಟಿರುವುದು ನೋಡಿಕೊಳ್ಳುತ್ತೇವೆ ಅಂತ ದುಡ್ಡು ಎಣಿಸಿಕೊಂಡ ಮಾಲೀಕರ ಮೇಲೆ.

ಈ ಪದ್ಧತಿ ಬಂದಿದ್ದು ಕೆನಡಾ, ಅಮೆರಿಕದ ಉತ್ತರ ಭಾಗದಂಥ ಕಡೆಗಳಿಂದ. ಅಲ್ಲಿ ಚಳಿಗಾಲದಲ್ಲಿ ಪೈಪಿನೊಳಗಿನ ನೀರು ಮಂಜುಗಡ್ಡೆ ಆಗುತ್ತದೆ. ನೀರು ಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಪೈಪು, ಪಂಪು, ನಲ್ಲಿ ಒಡೆಯುತ್ತವೆ. ಅದಕ್ಕೆ ಅವರು ಮೊದಲು ನೀರೆಲ್ಲ ಬಸಿದು, ಆಮೇಲೆ ಪೈಪುಗಳಲ್ಲಿ ಒಂದು ದ್ರವ ಓಡಿಸುತ್ತಾರೆ. ಅದು ಕ್ಯಾರವಾನಿಗೆಂದೇ ಮಾರುವ ಆಂಟಿಫ್ರೀಜ್. ಸಾಮಾನ್ಯವಾಗಿ ಗುಲಾಬಿ ಬಣ್ಣ ಇರುತ್ತದೆ. ಕುಡಿಯುವ ನೀರಿನ ಪೈಪಿಗೆ ನಡೆಯುವಂಥದ್ದು ಪ್ರೊಪಿಲೀನ್ ಗ್ಲೈಕಾಲಿನಿಂದ ಮಾಡಿರುತ್ತದೆ. ರೇಡಿಯೇಟರ್ ಕೂಲಂಟ್ ಬೇರೆಯೇ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಲೇಬಲ್ ಓದಿ.

ಇಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ. ಅದಕ್ಕೇ ಜಾಸ್ತಿ ಅಪಾಯ. ಮಕ್ಕಳು, ನಾಯಿ, ಬೆಕ್ಕು ಸುಮ್ನೆ ಕುಡಿದುಬಿಡುತ್ತವೆ. ಹೊಟ್ಟೆಗೆ ಹೋದರೆ ಮೊದಲು ಕುಡಿದವರ ಹಾಗೆ ತೂರಾಟ, ವಾಂತಿ. ನಂತರ ಕಿಡ್ನಿಗೆ ಪೆಟ್ಟು, ಜೀವವೂ ಹೋಗಬಹುದು. ಯಾರಾದರೂ ಕುಡಿದಿರುವ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಿಸಲಿ ಅಂತ ಕಾಯಬೇಡಿ. ಕ್ಯಾನನ್ನೂ ಹಿಡಿದುಕೊಂಡು ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದಿದೆ, ಆದರೆ ಬೇಗ ಸಿಗಬೇಕು. ನೀರನ್ನು ಕುದಿಸಿದರೆ ಇದು ಹೋಗುವುದಿಲ್ಲ. ಬ್ಲೀಚ್ ಹಾಕಿದರೂ ಹೋಗುವುದಿಲ್ಲ. ಗ್ಲೈಕಾಲ್ ನೀರಿನಲ್ಲಿ ಕರಗುತ್ತದೆ, ಮತ್ತೆ ಮತ್ತೆ ತೊಳೆದರೆ ಕಡಿಮೆ ಆಗುತ್ತದೆ ನಿಜ. ಆದರೂ ಮಕ್ಕಳು ಕುಡಿಯುವ ನೀರಿನ ವಿಷಯದಲ್ಲಿ ನಮಗೆ ಧೈರ್ಯ ಬರಲಿಲ್ಲ. ಟ್ಯಾಂಕು, ಪೈಪು, ಪಂಪು ಮೂರನ್ನೂ ಹೊಸದು ಹಾಕಿಸಿದೆವು.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಬಳ್ಳಾರಿಯಲ್ಲಿ ಪೈಪಿನ ನೀರು ಯಾವತ್ತು ಗಡ್ಡೆ ಆಗಿದೆ ಹೇಳಿ? ಪುಷ್ಯ ಮಾಸದ ರಾತ್ರಿಯಲ್ಲೂ ಆಗುವುದಿಲ್ಲ. ನಮ್ಮ ಊರಿನಲ್ಲಿ ಪೈಪಿಗೆ ಯಾವ ಔಷಧಿಯೂ ಬೇಡ. ಟ್ಯಾಂಕಿನ ಅಡಿಯ ಬಿರಡೆ ತೆಗೆದು, ಎಲ್ಲ ನಲ್ಲಿ ಬಿಟ್ಟು, ನೀರು ಬಸಿದು ಒಣಗಲು ಬಿಟ್ಟರೆ ಆಯಿತು. ಮತ್ತೆ ಹೊರಡುವ ಮುಂಚೆ ಲೀಟರ್ ನೀರಿಗೆ 1 ಎಂ.ಎಲ್. ಲೆಕ್ಕದಲ್ಲಿ ಸುಗಂಧ ಸೇರಿಸದ ಮಾಮೂಲಿ ಬ್ಲೀಚ್ ಬೆರೆಸಿ ಟ್ಯಾಂಕ್ ತುಂಬಿಸಿ, ಒಂದು ರಾತ್ರಿ ಬಿಟ್ಟು, ಕ್ಲೋರಿನ್ ವಾಸನೆ ಹೋಗುವ ತನಕ ಚೆನ್ನಾಗಿ ತೊಳೆದರೆ ಸಾಕು.

ಬೇಡದ ಕೆಲಸ ಮಾಡಿದವರು ಬೇಕಾದದ್ದನ್ನು ಮಾಡಿರಲಿಲ್ಲ. ನಮ್ಮ ಕಡೆ ನಿಂತ ಗಾಡಿಯನ್ನು ಹಾಳು ಮಾಡುವುದು ಬಿಸಿಲು, ಧೂಳು, ಇಲಿ. ಬ್ಯಾಟರಿ ಬಿಚ್ಚಿಯೇ ಇರಲಿಲ್ಲ. ಎಲ್ಲ ಸ್ವಿಚ್ ಆರಿಸಿದ್ದರೂ ಗ್ಯಾಸ್ ಲೀಕ್ ಅಲಾರಂ ಮುಂತಾದವು ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಸೆಕೆಗೆ ಬ್ಯಾಟರಿ ತಾನಾಗಿಯೂ ಬೇಗ ಇಳಿಯುತ್ತದೆ. ಇಳಿದ ಬ್ಯಾಟರಿ ಹಾಗೇ ನಿಂತರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ನಮ್ಮದು ಹಾಗೇ ಹೋಯಿತು. ಮೊದಲು ನೆಗೆಟಿವ್ ವೈರ್ ಬಿಚ್ಚಿ ಬ್ಯಾಟರಿಯನ್ನು ಮನೆಗೆ ತಂದಿಡಿ. ತಿಂಗಳಿಗೊಮ್ಮೆ ಮೀಟರ್ ಹಿಡಿಯಿರಿ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6 ವೋಲ್ಟ್ ಮೇಲೆ ತೋರಿಸುತ್ತದೆ. 12.4ಕ್ಕೆ ಇಳಿದರೆ ಚಾರ್ಜ್‌ಗೆ ಹಾಕಿ.

ಜಾಕ್ ಕೊಟ್ಟು ಭಾರ ಇಳಿಸಿರಲಿಲ್ಲ, ಟೈರ್‌ಗಳು ಕೂತುಬಿಟ್ಟಿದ್ದವು. ಬಿಸಿಲು ಬೀಳುವ ಬದಿಯ ಟೈರ್ ಗೋಡೆಯಲ್ಲಿ ಬಿರುಕು. ಗಾಡಿಗೆ ಪ್ಲಾಸ್ಟಿಕ್ ತಾಡಪಾಲು ಬಿಗಿದಿದ್ದರು. ಅದರೊಳಗೆ ಅದಿರು ರಸ್ತೆಯ ಕೆಂಪು ಧೂಳು ಸೇರಿ, ಗಾಳಿಗೆ ತಿಕ್ಕಿ ತಿಕ್ಕಿ ಬಣ್ಣವೆಲ್ಲ ಮಂಕಾಗಿದೆ. ಫ್ರಿಜ್ ಬಾಗಿಲು ಮುಚ್ಚಿದ್ದರಿಂದ ಒಳಗೆ ಬೂಸು. ಸಿಂಕಿನ ಕೆಳಗೆ ಇಲಿ ಗೂಡು ಕಟ್ಟಿ ವೈರ್ ಕಡಿದಿತ್ತು. ಪೈಪು, ವೈರು ಹಾದುಹೋಗುವ ತೂತುಗಳನ್ನು ಸಣ್ಣ ತಂತಿ ಜಾಲರಿಯಿಂದ ಮುಚ್ಚಿಸಿ, ಒಂದು ಕಾಳೂ ಒಳಗೆ ಬಿಡಬೇಡಿ. ಆದರೆ ನೆಲದ ಹತ್ತಿರ ಇರುವ ಗ್ಯಾಸ್ ಕಿಂಡಿಗೆ ಮಾತ್ರ ಬಟ್ಟೆ ತುರುಕಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ, ಹೊರಗೆ ಹೋಗಲು ಅದೇ ದಾರಿ. ಸಿಲಿಂಡರ್ ಅಂತೂ ಬಿಚ್ಚಿ ಗಾಡಿಯಿಂದ ತೆಗೆದುಬಿಡಿ.

ಶೆಡ್ಡಿನವರು ಬಾಡಿಗೆ ವಾಪಸ್ ಕೊಟ್ಟಿದ್ದಾರೆ. ಟ್ಯಾಂಕು, ಪೈಪಿನ ಖರ್ಚು ತಮ್ಮದಲ್ಲ ಅನ್ನುತ್ತಿದ್ದಾರೆ. ಏನೇನು ಮಾಡಬೇಕು ಅನ್ನುವುದು ಚೀಟಿಯಲ್ಲಿ ಇರಲಿಲ್ಲ, ಬರೀ ಬಾಯಿಮಾತು. ನೀವು ಬಿಡುವಾಗ ಅದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. "ನೀರಿನ ಟ್ಯಾಂಕಿಗೆ, ಪೈಪಿಗೆ ಏನೂ ಹಾಕಬಾರದು" ಅಂತ ಒಂದು ಸಾಲು ಇರಲೇಬೇಕು.

ಈಗಾಗಲೇ ಎಲ್ಲಾದರೂ ಬಿಟ್ಟಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ. ಗಾಡಿ ವಾಪಸ್ ಬಂದ ಮೇಲೆ ಮೊದಲ ನೀರನ್ನು ಬಿಳಿ ಬಕೆಟ್‌ಗೆ ಹಿಡಿದು ಬಣ್ಣ ನೋಡಿ, ಕೈಯಲ್ಲಿ ಉಜ್ಜಿ ನೋಡಿ. ರುಚಿ ಮಾತ್ರ ನೋಡಬೇಡಿ. ಸ್ವಲ್ಪ ಅನುಮಾನ ಇದ್ದರೂ ಆ ನೀರನ್ನು ದನ, ನಾಯಿ ಬಾಯಿ ಹಾಕುವ ಜಾಗಕ್ಕೆ, ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿ, ವಿಷ ಅಂತ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಮುಚ್ಚಿಡಿ.