ಡ್ರಾಪರ್ ಸೀಟ್‌ಪೋಸ್ಟ್: ಹೊರಗಿನ ಕೇಬಲ್, ಎಣ್ಣೆ, ಒಳಗಿನ ಕೇಬಲ್, ವೈರ್‌ಲೆಸ್ ನಾಲ್ಕನ್ನೂ ಹಾಕಿ ನೋಡಿದ ಮೇಲೆ

ಕಡಿದಾದ ಇಳಿಜಾರಿನಲ್ಲಿ ಸೀಟು ಮೇಲಿದ್ದರೆ ಮೈಯನ್ನು ಎಲ್ಲಿಗೂ ಸರಿಸೋಕೆ ಆಗಲ್ಲ. ಹಿಂದೆ ಹೋಗೋಣ ಅಂದರೆ ಸೀಟು ಅಡ್ಡ. ಕೆಳಗೆ ಬಗ್ಗೋಣ ಅಂದರೂ ಸೀಟೇ ಅಡ್ಡ. ಹಿಂದಿನ ಚಕ್ರ ಒಂದು ಕಲ್ಲು ಹತ್ತಿ ಎದ್ದರೆ ಸಾಕು, ಸೀಟು ಹಿಂದಿನಿಂದ ಗುದ್ದಿ ನಮ್ಮನ್ನು ಹ್ಯಾಂಡಲ್ ಕಡೆಗೆ ತಳ್ಳುತ್ತದೆ. ಹಾಗಂತ ಸೀಟನ್ನು ಇಳಿಸಿಯೇ ಇಟ್ಟರೆ ಏರು ಬಂದಾಗ ಮಂಡಿ ಮಾತಾಡೋಕೆ ಶುರು ಮಾಡುತ್ತದೆ. ಈ ಎರಡರ ನಡುವೆ ಒದ್ದಾಡಿದವರಿಗೆ ಡ್ರಾಪರ್, ಅಂದರೆ ಓಡಿಸುತ್ತಲೇ ಸೀಟನ್ನು ಇಳಿಸಿ ಏರಿಸೋ ಸೀಟಿನ ಕೊಳವೆ (ಸೀಟ್‌ಪೋಸ್ಟ್), ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. ಹೆಬ್ಬೆರಳಲ್ಲಿ ಲಿವರ್ ಒತ್ತಿ, ಕೂತರೆ ಸೀಟು ಇಳಿಯುತ್ತದೆ. ಎದ್ದು ಮತ್ತೆ ಒತ್ತಿದರೆ ಮೇಲೆ ಬರುತ್ತದೆ. ಅಷ್ಟೇ ಕೆಲಸ.

ಆ ಕೆಲಸವನ್ನು ಮಾಡಿಸೋ ದಾರಿ ಮಾತ್ರ ನಾಲ್ಕಿವೆ. ಕಳೆದ ಆರು ವರ್ಷದಲ್ಲಿ ಎರಡು ಸೈಕಲ್ಲಿನ ಮೇಲೆ ಆ ನಾಲ್ಕನ್ನೂ ನಾನೇ ಕೂರಿಸಿ ಓಡಿಸಿದ್ದೇನೆ. ನೋಡಿದ್ದು ಎರಡೇ ವಿಷಯ. ಓಡಿಸುವಾಗ ಯೋಚನೆಯೇ ಇಲ್ಲದೆ ಬೆರಳು ಲಿವರ್ ಮೇಲೆ ಹೋಗುತ್ತದಾ? ಕೆಟ್ಟರೆ ಹಿಂದಿನ ರಾತ್ರಿ ಮನೆಯಲ್ಲೇ ಕೂತು ಸರಿ ಮಾಡಿಕೊಳ್ಳಬಹುದಾ? ತೂಕ, ನೋಟ ಎಲ್ಲ ಆಮೇಲೆ.

ಅದಕ್ಕೂ ಮೊದಲು ಕ್ವಿಕ್ ರಿಲೀಸ್ ಕಾಲದ ಬಗ್ಗೆ ಒಂದು ಮಾತು. ಇಳಿಜಾರು ಬಂದಾಗ ನಿಲ್ಲಿಸಿ, ಕ್ಲ್ಯಾಂಪ್ ಬಿಚ್ಚಿ, ಸೀಟು ತಳ್ಳಿ, ಮತ್ತೆ ಬಿಗಿಮಾಡುವುದು. ಇದರಿಂದ ಬೇಸತ್ತವರು ಹೊಸಬರೇನಲ್ಲ. 1980ರ ದಶಕದಲ್ಲೇ ಅಮೆರಿಕದ ಮೌಂಟನ್ ಬೈಕ್ ಸವಾರರಾದ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ ಹೈಟ್-ರೈಟ್ ಅನ್ನೋ ಸ್ಪ್ರಿಂಗ್ ಮಾಡಿದ್ದರು. ಕ್ಲ್ಯಾಂಪ್ ಸಡಿಲ ಮಾಡಿದರೆ ಸ್ಪ್ರಿಂಗೇ ಸೀಟನ್ನು ಮೇಲಕ್ಕೆ ತಳ್ಳುತ್ತಿತ್ತು, ನೆಟ್ಟಗೂ ಹಿಡಿದಿಡುತ್ತಿತ್ತು. ಆದರೆ ಸಣ್ಣ ಸಣ್ಣ ಏರಿಳಿತ ಇರೋ ದಾರಿಯಲ್ಲಿ ಹತ್ತು ಸಲ ಯಾರು ಕ್ಲ್ಯಾಂಪಿಗೆ ಕೈ ಹಾಕುತ್ತಾರೆ? ನಾನಂತೂ ಎರಡನೇ ಸಲಕ್ಕೇ ಬಿಟ್ಟು, ಅರ್ಧ ಎತ್ತರದಲ್ಲಿ ಓಡಿಸುತ್ತಿದ್ದೆ. ಅದು ಏರಿಗೂ ಆಗಲ್ಲ, ಇಳಿಜಾರಿಗೂ ಆಗಲ್ಲ.

ಮೊದಲು ಹಾಕಿದ್ದು ಹೊರಗಿನ ಕೇಬಲ್ಲಿನ ಪೋಸ್ಟು. ನನ್ನ ಹಳೆಯ ಫ್ರೇಮಿನ ಸೀಟ್ ಟ್ಯೂಬಿನಲ್ಲಿ, ಅಂದರೆ ಪೋಸ್ಟು ಇಳಿಯೋ ಕೊಳವೆಯಲ್ಲಿ, ಕೇಬಲ್ ಹೋಗಲು ತೂತೇ ಇರಲಿಲ್ಲ. ಹಾಗಾಗಿ ಬೇರೆ ದಾರಿ ಇರಲಿಲ್ಲ. ಕೂರಿಸೋದು ಬಹಳ ಸುಲಭ. ಪೋಸ್ಟನ್ನು ಟ್ಯೂಬಿಗೆ ಇಳಿಸಿ, ಕೇಬಲ್ಲನ್ನು ಫ್ರೇಮಿನ ಉದ್ದಕ್ಕೂ ಟೈ ಹಾಕಿ ಕಟ್ಟಿಕೊಂಡು ಹೋಗಿ ಲಿವರಿಗೆ ಸಿಕ್ಕಿಸಿದರೆ ಮುಗಿಯಿತು. ಅರ್ಧ ಗಂಟೆ ಸಾಕು. ತೊಂದರೆ ಓಡಿಸುವಾಗ. ನನ್ನದರಲ್ಲಿ ಕೇಬಲ್ ಸಿಕ್ಕಿಸೋ ಜಾಗ ಸೀಟಿನ ಕೆಳಗೇ, ಅಂದರೆ ಮೇಲೆ ಕೆಳಗೆ ಓಡಾಡೋ ಭಾಗದಲ್ಲೇ ಇತ್ತು. ಸೀಟು ಇಳಿದಾಗ ಮಿಕ್ಕ ಕೇಬಲ್ ಬಿಲ್ಲಿನ ಹಾಗೆ ಹೊರಗೆ ಬಾಗುತ್ತದೆ. ಎಡ ತೊಡೆಗೆ ತಗುಲುತ್ತದೆ, ಕೆಸರಿನ ದಿನ ಹಿಂದಿನ ಟೈರಿಗೂ ಸವರುತ್ತದೆ. ಹೊರಗಿನ ಕೇಬಲ್ಲಿನ ಪೋಸ್ಟನ್ನೇ ತಗೊಳ್ಳಬೇಕಾದರೆ ಕೇಬಲ್ಲು ಅಲ್ಲಾಡದ ಕಾಲರಿಗೆ (ಪೋಸ್ಟಿನ ಹೊರ ಕೊಳವೆಯ ಮೇಲ್ತುದಿಯ ಬಳೆಗೆ) ಸೇರೋ ಮಾದರಿಯನ್ನೇ ಹುಡುಕಿ. ಅದರಲ್ಲಿ ಈ ಬಾಗೋ ಕಾಟ ಇರಲ್ಲ.

ಆಮೇಲೆ ತೂತಿರೋ ಹೊಸ ಫ್ರೇಮ್ ಬಂತು, ಜೊತೆಗೆ ಎಣ್ಣೆಯ ಲಿವರ್ ಇರೋ ಹೈಡ್ರಾಲಿಕ್ ಪೋಸ್ಟು. ಮೊದಲ ಮೂರು ತಿಂಗಳು ಅದರ ನುಣುಪಿಗೆ ನಾನು ಮಾರುಹೋಗಿದ್ದೆ. ಕೇಬಲ್ಲಿನಲ್ಲಿ ಇರೋ ಆ ಸಣ್ಣ ಎಳೆತ ಇದರಲ್ಲಿಲ್ಲ. ಎಷ್ಟು ಒತ್ತಿದರೆ ಅಷ್ಟೇ ವೇಗದಲ್ಲಿ ಸೀಟು ಬರುತ್ತದೆ. ಫ್ರೇಮಿನೊಳಗೆ ಪೈಪು ಎಷ್ಟು ತಿರುವು ತಗೊಂಡರೂ ಒತ್ತಡದಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಚಳಿ ಬಂದಾಗ ಸೀಟು ಮೇಲೆ ಬರೋದು ನಿಧಾನವಾಯಿತು. ಪೈಪು ಉದ್ದ ಅಂತ ಕತ್ತರಿಸಿದ್ದಕ್ಕೆ ಸಿರಿಂಜ್ ಹಿಡಿದು ಬ್ಲೀಡ್ ಮಾಡಬೇಕಾಯಿತು, ಅಂದರೆ ಪೈಪಿನ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಬೇಕಾಯಿತು. ಎರಡನೇ ವರ್ಷ ಇನ್ನೊಂದು ರೋಗ ಬಂತು. ಸೀಟು ಪೂರ್ತಿ ಮೇಲಿದ್ದಾಗಲೂ ಕೂತ ತಕ್ಷಣ ಒಂದು ಬೆರಳಿನಷ್ಟು ಕೆಳಗೆ ಕುಸಿಯುತ್ತಿತ್ತು, ಎದ್ದರೆ ಮತ್ತೆ ಬರುತ್ತಿತ್ತು. ಪೋಸ್ಟಿನ ಒಳಗೆ ಗಾಳಿ ಮತ್ತು ಎಣ್ಣೆ ಬೇರೆ ಬೇರೆ ಕೋಣೆಯಲ್ಲಿ ಇರಬೇಕು. ಗಾಳಿ ಎಣ್ಣೆಗೆ ಸೇರಿಕೊಂಡರೆ ಹೀಗಾಗುತ್ತದೆ. ಎಣ್ಣೆ ಒತ್ತಿದರೆ ಕುಗ್ಗಲ್ಲ, ಗಾಳಿ ಕುಗ್ಗುತ್ತದೆ ಅಲ್ವಾ? ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸದೆ ಅದು ಸರಿ ಹೋಗಲಿಲ್ಲ.

ಇದು ಲಿವರಿನ ಎಣ್ಣೆಯ ತಪ್ಪಲ್ಲ ಅನ್ನೋದನ್ನೂ ಹೇಳಬೇಕು. ಕೇಬಲ್ಲಿನ ಪೋಸ್ಟುಗಳ ಒಳಗೂ ಬಹಳಷ್ಟರಲ್ಲಿ ಇದೇ ಗಾಳಿ, ಎಣ್ಣೆಯ ಕಾರ್ಟ್ರಿಜ್ ಇರುತ್ತದೆ. ಅದಕ್ಕೇ ಬೈಕ್‌ಯೋಕ್ ಕಂಪನಿ ತನ್ನ ರಿವೈವ್ ಪೋಸ್ಟಿನ ತಲೆಯಲ್ಲೇ ಒಂದು ವಾಲ್ವ್ ಇಟ್ಟಿದೆ. ಅಲೆನ್ ಕೀ ಹಾಕಿ ತಿರುಗಿಸಿ ಸೀಟು ಒತ್ತಿದರೆ ಸೇರಿಕೊಂಡ ಗಾಳಿ ವಾಪಸ್ ತನ್ನ ಜಾಗಕ್ಕೆ ಹೋಗುತ್ತದೆ. ಒಳ್ಳೆಯ ಯೋಚನೆ. ನಿಮ್ಮ ಹತ್ತಿರ ಯಾವ ಪೋಸ್ಟೇ ಇರಲಿ, ಸೀಟು ಕೆಳಗಿರುವಾಗ ಸೀಟು ಹಿಡಿದು ಸೈಕಲ್ ಎತ್ತಬೇಡಿ. ಎಳೆದಾಗ ಒಳಗೆ ಗಾಳಿ ಸೇರಲು ಅದೂ ಒಂದು ದಾರಿ.

ಈಗ ಮೂರು ವರ್ಷದಿಂದ ನನ್ನ ಸೈಕಲ್ಲಿನಲ್ಲಿ ಇರೋದು ಒಳಗಿನ ಕೇಬಲ್ಲಿನ ಪೋಸ್ಟು. ನಾಲ್ಕರಲ್ಲಿ ನನ್ನ ಆಯ್ಕೆ ಇದೇ. ಆದರೆ ಕೂರಿಸೋಕೆ ಅತಿ ಜಾಸ್ತಿ ತಾಳ್ಮೆ ಕೇಳಿದ್ದೂ ಇದೇ. ಆದ್ದರಿಂದ ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ಮೊದಲು ಅಳತೆ. ಸೀಟ್ ಟ್ಯೂಬಿನ ಒಳ ಅಗಲ ಸಾಮಾನ್ಯವಾಗಿ 27.2, 30.9, 31.6 ಅಥವಾ 34.9 ಮಿ.ಮೀ. ಇರುತ್ತದೆ. ಹಳೆಯ ಪೋಸ್ಟಿನ ಮೇಲೇ ಬರೆದಿರುತ್ತದೆ, ಊಹೆ ಮಾಡಬೇಡಿ. 31.6ರ ಟ್ಯೂಬಿಗೆ 30.9ರ ಪೋಸ್ಟನ್ನು ತೆಳು ಶಿಮ್ (ಸಂದು ತುಂಬೋ ಕೊಳವೆ) ಹಾಕಿ ಕೂರಿಸಬಹುದು. ಉಲ್ಟಾ ಆಗಲ್ಲ. ಆಮೇಲೆ ಎಷ್ಟು ಇಳಿಯೋ ಪೋಸ್ಟು ಬೇಕು ಅನ್ನೋ ಪ್ರಶ್ನೆ. ಜಾಸ್ತಿ ಇಳಿದರೆ ಒಳ್ಳೆಯದು ಅಂತ ನಾನು ಮೊದಲು 170 ಮಿ.ಮೀ.ನದ್ದು ತರಿಸಿದೆ. ವಾಪಸ್ ಕಳಿಸಬೇಕಾಯಿತು. ಅಳೆಯದೆ ತರಿಸಿದ್ದು ನನ್ನ ತಪ್ಪು.

ಅಳೆಯಬೇಕಾದ್ದು ಎರಡು. ನಿಮಗೆ ಸರಿಯಾದ ಪೆಡಲ್ ಎತ್ತರದಲ್ಲಿ ಸೀಟು ಇಟ್ಟು, ಫ್ರೇಮಿನ ಕ್ಲ್ಯಾಂಪಿನ ಮೇಲ್ಭಾಗದಿಂದ ಸೀಟಿನ ಕಂಬಿಯವರೆಗೆ ಅಳೆಯಿರಿ. ನನಗೆ 205 ಮಿ.ಮೀ. ಬಂತು. ಆ 170ರ ಪೋಸ್ಟನ್ನು ಕಾಲರ್ ಮುಟ್ಟೋವರೆಗೆ ಪೂರ್ತಿ ಒಳಗೆ ತಳ್ಳಿದರೂ ಕಂಬಿಯವರೆಗೆ 215 ಆಗುತ್ತಿತ್ತು. ಅಂದರೆ ಸೀಟು 10 ಮಿ.ಮೀ. ಎತ್ತರದಲ್ಲೇ ಉಳಿಯುತ್ತದೆ. ಪೆಡಲ್ ಕೆಳಗೆ ಹೋದಾಗ ಸೊಂಟ ಆ ಕಡೆ ಈ ಕಡೆ ತೂಗಾಡಲು ಅಷ್ಟು ಸಾಕು. 150ರದ್ದು ತರಿಸಿದೆ. ಅದಕ್ಕೆ ಬೇಕಾದ್ದು 193. ಕಾಲರ್ ಫ್ರೇಮಿನಿಂದ 12 ಮಿ.ಮೀ. ಹೊರಗೆ ನಿಂತಿತು, ಎತ್ತರ ಸರಿಯಾಗಿ ಕೂತಿತು.

ಎರಡನೆಯದು ಆಳ. ಟ್ಯೂಬು ಎಲ್ಲಿವರೆಗೆ ನೆಟ್ಟಗಿದೆ ಅಂತ ಒಂದು ಕೋಲು ಇಳಿಸಿ ನೋಡಿ. ಸಸ್ಪೆನ್ಷನ್ ಫ್ರೇಮಿನಲ್ಲಿ ಟ್ಯೂಬು ನಡುವೆ ಬಾಗಿರಬಹುದು. ಬಾಟಲ್ ಬೋಲ್ಟಿನ ಬುಡ ಒಳಗೆ ಚಾಚಿರಬಹುದು. ನನ್ನದರಲ್ಲಿ 230 ಸಿಕ್ಕಿತು. ಪೋಸ್ಟು ಕಾಲರಿನಿಂದ ತಳದವರೆಗೆ 235, ಅದರಲ್ಲಿ 12 ಹೊರಗೆ, ಹಾಗಾಗಿ ಒಳಗೆ ಹೋಗೋದು 223. ಏಳು ಮಿಲಿಮೀಟರ್ ಉಳಿಯಿತು. ಕೇಬಲ್ ಸಿಕ್ಕಿಸೋ ಕೊಂಡಿ ತಳದಲ್ಲಿ ಇರುತ್ತದೆ, ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕೇಬಲ್ ತಿರುಗೋಕೂ ಜಾಗ ಬೇಕು. ಏಳು ಅಂದರೆ ಬಹಳ ಬಿಗಿ. ನನ್ನ ಫ್ರೇಮಿನಲ್ಲಿ ಕೆಳಗೆ ತೂತು ಇಳಿಜಾರಾಗಿದ್ದರಿಂದ ಬಚಾವ್.

ಮಜಾ ಇರೋದು ಕೇಬಲ್ ಎಳೆಯೋದರಲ್ಲಿ. ಹೊರ ಕವಚವನ್ನು, ಅಂದರೆ ಔಟರನ್ನು, ಹ್ಯಾಂಡಲ್ ಹತ್ತಿರದ ತೂತಿನಿಂದ ತುರುಕುತ್ತಾ ಹೋದೆ. ಡೌನ್ ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯೋ ಕೊಳವೆ) ದಾಟಿತು. ಪೆಡಲ್ ಅಚ್ಚು ಇರೋ ಬಾಟಮ್ ಬ್ರಾಕೆಟ್ ಹತ್ತಿರ ನಿಂತುಬಿಟ್ಟಿತು. ತಳ್ಳಿದರೆ ಒಳಗೆ ಏನನ್ನೋ ಗುದ್ದೋ ಸದ್ದು ಮಾತ್ರ. ಕೊನೆಗೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಸೀಟ್ ಟ್ಯೂಬಿನ ಕಡೆಯಿಂದ ಒಂದು ಹಳೆಯ ಗೇರ್ ಕೇಬಲ್ ಬಿಟ್ಟೆ. ಅದು ತೆಳು, ಬಾಗುತ್ತದೆ, ತಿರುವಿನಲ್ಲಿ ಸಲೀಸಾಗಿ ಹೋಯಿತು. ಡೌನ್ ಟ್ಯೂಬಿನ ಮೇಲಿನ ತೂತಿನಿಂದ ಅದರ ತುದಿ ಇಣುಕಿದಾಗ ಆದ ಖುಷಿ ಹೇಳತೀರದು. ಅದರ ಮೇಲೆ ಔಟರನ್ನು ಪೋಣಿಸಿಕೊಂಡು ಬಂದೆ. ಹಳಿ ಮೇಲೆ ರೈಲು ಬಂದ ಹಾಗೆ ಸೀದಾ ಬಂತು.

ಪೋಸ್ಟು ಇಳಿಸುವಾಗ ಎರಡೂ ಕೈಗೆ ಕೆಲಸ. ಬಲಗೈಯಲ್ಲಿ ಪೋಸ್ಟನ್ನು ಒಂದು ಇಂಚು ಒಳಗೆ ತಳ್ಳಿ, ಎಡಗೈಯಲ್ಲಿ ಮುಂದಿನಿಂದ ಔಟರನ್ನು ಒಂದು ಇಂಚು ಎಳೆಯಿರಿ. ಮತ್ತೆ ಒಂದು, ಮತ್ತೆ ಒಂದು. ಸುಮ್ನೆ ಪೋಸ್ಟನ್ನಷ್ಟೇ ತಳ್ಳಿದರೆ ಔಟರ್ ಕೆಳಗೆ ಸುರುಳಿ ಸುತ್ತಿಕೊಂಡು ಮಡಚಿಹೋಗುತ್ತದೆ. ಒಮ್ಮೆ ಮಡಚಿದ ಔಟರ್ ಮತ್ತೆ ಸರಿಯಾಗಲ್ಲ, ಲಿವರ್ ಯಾವಾಗಲೂ ಬಿಗಿಯಾಗೇ ಇರುತ್ತದೆ. ಎತ್ತರ ಪಕ್ಕಾ ಆಗೋವರೆಗೆ ಔಟರನ್ನು ಕತ್ತರಿಸಬೇಡಿ. ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ಕತ್ತರಿ. ಕೇಬಲ್ಲಿನ ಗುಂಡು ತುದಿ ಪೋಸ್ಟಿನ ಕಡೆ ಬಂದು, ಬಿಗಿ ಮಾಡೋ ಸ್ಕ್ರೂ ಲಿವರಿನಲ್ಲಿ ಇರೋ ಮಾದರಿಯನ್ನೇ ನಾನು ಇಷ್ಟಪಡುತ್ತೇನೆ. ಉದ್ದ ಹೆಚ್ಚುಕಮ್ಮಿ ಆದರೆ ಮತ್ತೆ ಪೋಸ್ಟು ಎತ್ತದೆ ಮೇಲಿನಿಂದಲೇ ಸರಿ ಮಾಡಬಹುದು.

ಕ್ಲ್ಯಾಂಪ್ ಬಿಗಿ ಮಾಡುವಾಗ ಟಾರ್ಕ್ ರೆಂಚ್ ಬಳಸಿ. ನಾನು 5 ನ್ಯೂಟನ್ ಮೀಟರಿಗೆ ನಿಲ್ಲಿಸುತ್ತೇನೆ. ಡ್ರಾಪರಿನ ಹೊರ ಕೊಳವೆ ತೆಳು. ಜಾಸ್ತಿ ಹಿಂಡಿದರೆ ಒಳಗಿನ ಕೊಳವೆಯನ್ನು ಹಿಡಿದುಕೊಳ್ಳುತ್ತದೆ, ಸೀಟು ತೆವಳುತ್ತಾ ಮೇಲೆ ಬರುತ್ತದೆ. ಪೋಸ್ಟೇ ಕೆಟ್ಟಿದೆ ಅಂತ ಅಂದುಕೊಳ್ಳೋ ಮೊದಲು ಈ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಪೋಸ್ಟು ಟ್ಯೂಬಿನೊಳಗೆ ಜಾರಿದರೆ ಬಿಗಿ ಹೆಚ್ಚಿಸೋ ಬದಲು ಕಾರ್ಬನ್ ಪೇಸ್ಟ್ ಹಚ್ಚಿ, ಅದರ ಹರಳು ಕಚ್ಚಿ ಹಿಡಿಯುತ್ತದೆ.

ಇಷ್ಟೆಲ್ಲ ಒಂದು ಸಲ ಮಾಡಿದ ಮೇಲೆ ಮೂರು ವರ್ಷದಲ್ಲಿ ನಾನು ಬದಲಿಸಿದ್ದು ಒಂದು ಒಳ ಕೇಬಲ್. ಅದೂ ಮಾಮೂಲಿ ಗೇರ್ ಕೇಬಲ್ಲೇ. ಹತ್ತು ನಿಮಿಷದ ಕೆಲಸ. ಲಿವರ್ ಒತ್ತಿದರೆ ಸೀಟು ಮೇಲೆ ಬಂದು ‘ಟಕ್’ ಅನ್ನುತ್ತದೆ. ಆ ಸದ್ದು ಕೇಳಿದರೆ ಎತ್ತರ ಪೂರ್ತಿ ಸಿಕ್ಕಿದೆ ಅಂತ ನೋಡದೇ ಗೊತ್ತಾಗುತ್ತದೆ.

ವೈರ್‌ಲೆಸ್ ನನ್ನದಲ್ಲ. ಗೆಳೆಯನೊಬ್ಬ ಎರಡು ತಿಂಗಳು ಕೊಟ್ಟಿದ್ದ. ರಾಕ್‌ಶಾಕ್ಸ್ ಕಂಪನಿ 2019ರಲ್ಲಿ ರಿವರ್ಬ್ ಎಎಕ್ಸ್‌ಎಸ್ ತಂದ ಮೇಲೆ ಈ ಜಾತಿಯ ಪೋಸ್ಟುಗಳು ಕಣ್ಣಿಗೆ ಬೀಳೋದು ಜಾಸ್ತಿಯಾಗಿದೆ. ಕೂರಿಸೋದರಲ್ಲಿ ಇದಕ್ಕೆ ಸಾಟಿಯೇ ಇಲ್ಲ. ಪೋಸ್ಟು ಇಳಿಸಿ, ಬಟನ್ ಹ್ಯಾಂಡಲಿಗೆ ಸಿಕ್ಕಿಸಿ, ಎರಡನ್ನೂ ಜೋಡಿ ಮಾಡಿದರೆ ಆಯಿತು. ಎರಡು ಸೈಕಲ್ ಇರೋರು ಒಂದೇ ಪೋಸ್ಟನ್ನು ಎರಡಕ್ಕೂ ಬಳಸಬಹುದು, ಟ್ಯೂಬಿನ ಅಗಲ ಒಂದೇ ಇದ್ದರೆ. ಬಟನ್ ಮುಟ್ಟಿದರೆ ಸಾಕು, ಒತ್ತಬೇಕಾಗೇ ಇಲ್ಲ ಅನ್ನೋ ಹಾಗಿದೆ. ಕೈ ಸೋತಾಗ ಅದರ ಬೆಲೆ ಗೊತ್ತಾಗುತ್ತದೆ.

ಆದರೂ ನಾನು ಅದನ್ನು ವಾಪಸ್ ಕೊಟ್ಟೆ. ಬ್ಯಾಟರಿ ಸೀಟಿನ ಹಿಂದೆ ಕೂರುತ್ತದೆ. ಸಣ್ಣ ಫ್ರೇಮಿನಲ್ಲಿ ಸೀಟು ಪೂರ್ತಿ ಇಳಿದು, ಸಸ್ಪೆನ್ಷನ್ ಪೂರ್ತಿ ಕುಗ್ಗಿದರೆ ಟೈರು ಅದರ ಹತ್ತಿರಕ್ಕೆ ಬರುತ್ತದೆ. ಒಮ್ಮೆ ಸಸ್ಪೆನ್ಷನ್ನಿನ ಗಾಳಿ ಬಿಟ್ಟು ಒತ್ತಿ ನೋಡಿದೆ, ನಡುವೆ ಒಂದು ಬೆರಳು ಹೋಗೋಷ್ಟು ಜಾಗ ಇತ್ತು ಅಷ್ಟೇ. ಜೊತೆಗೆ ಚಾರ್ಜ್ ಇದೆಯಾ ಅಂತ ಪ್ರತಿ ಸಲ ಹೊರಡೋ ಮೊದಲು ನೋಡೋದು ನನಗೆ ಒಗ್ಗಲಿಲ್ಲ. ಗೆಳೆಯನಿಗೆ ಅದು ಅಭ್ಯಾಸ. ಅವನ ಗೇರೂ ಬ್ಯಾಟರಿಯದ್ದೇ, ಒಂದೇ ಚಾರ್ಜರ್. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಇಟ್ಟುಕೊಳ್ಳುತ್ತಿದ್ದೆ.

ಲಿವರಿನ ಬಗ್ಗೆ ಹೇಳದೆ ಬಿಟ್ಟರೆ ಆಗಲ್ಲ. ಮುಂದೆ ಪೆಡಲ್ ಹತ್ತಿರ ಒಂದೇ ಚೈನ್‌ರಿಂಗ್ (ಹಲ್ಲಿನ ಚಕ್ರ) ಇದ್ದರೆ ಎಡಗಡೆ ಗೇರ್ ಶಿಫ್ಟರ್ ಇರಲ್ಲ. ಅಲ್ಲಿ ಹ್ಯಾಂಡಲಿನ ಕೆಳಗೆ ಅಗಲ ಪ್ಯಾಡಿನ ಲಿವರ್ ಹಾಕಿ. ಪೋಸ್ಟಿನ ಜೊತೆ ಬರೋ ಸಣ್ಣ ಗುಂಡಿಯಂಥ ಲಿವರಿನಿಂದ ಇದಕ್ಕೆ ಬದಲಿಸಿದ ಮೇಲೆ ನನ್ನ ಓಡಾಟವೇ ಬೇರೆಯಾಯಿತು. ಮೊದಲು ದೊಡ್ಡ ಇಳಿಜಾರಿಗೆ ಮಾತ್ರ ಇಳಿಸುತ್ತಿದ್ದೆ. ಈಗ ಪ್ರತಿ ತಿರುವಿಗೂ ಇಳಿಸುತ್ತೇನೆ. 2022ರ ಮಿಲಾನ್–ಸಾನ್ ರೆಮೊ ರೇಸಿನಲ್ಲಿ ಸ್ಲೊವೇನಿಯಾದ ಸವಾರ ಮಾತೇ ಮೊಹೊರಿಚ್ ರಸ್ತೆ ಸೈಕಲ್ಲಿಗೇ ಡ್ರಾಪರ್ ಹಾಕಿಕೊಂಡು ಕೊನೆಯ ಗುಡ್ಡವಾದ ಪೊಜ್ಜಿಯೊ ಇಳಿಜಾರಿನಲ್ಲಿ ಎಲ್ಲರನ್ನೂ ಬಿಟ್ಟು ಹೋಗಿ ಗೆದ್ದರು. ಟಾರು ರಸ್ತೆಯಲ್ಲೇ ಅಷ್ಟು ಉಪಯೋಗ ಅಂದಮೇಲೆ ಕಲ್ಲು ಬೇರಿನ ದಾರಿಯಲ್ಲಿ ಕೇಳಬೇಕಾ?

ಆ ಹೊರಗಿನ ಕೇಬಲ್ಲಿನ ಪೋಸ್ಟು ಈಗ ತಮ್ಮನ ಹಳೆಯ ಸೈಕಲ್ಲಿನಲ್ಲಿದೆ. ಅದಕ್ಕೂ ತೂತಿಲ್ಲ, ಟ್ಯೂಬಿನ ಅಗಲ ಮಾತ್ರ ಹೊಂದಿತು. ಕೇಬಲ್ಲನ್ನು ಬಲಗಡೆಗೆ ತಿರುಗಿಸಿ ಕಟ್ಟಿಕೊಟ್ಟೆ, ಅವನ ತೊಡೆಗೆ ಅಷ್ಟು ತಗುಲಲ್ಲವಂತೆ. ಕಳೆದ ವಾರ ನನ್ನ ಹಿಂದೆಯೇ ಇಳಿದು ಬಂದ, ಎಲ್ಲೂ ಕಾಲು ಊರಲಿಲ್ಲ.