ಮೀನಿನ ಊಟಕ್ಕೆ ಚೈನಾ ಗ್ರಾಸ್: ಮೂರು ಮಳೆಗಾಲ ಕಂಡ ಮೇಲೆ

ದಿನಸಿ ಅಂಗಡಿಗೆ ಹೋಗಿ ನಾಲ್ಕು ಪೊಟ್ಟಣ ಚೈನಾ ಗ್ರಾಸ್ ಕೊಡಿ ಅಂದರೆ, “ಏನು ಮೇಷ್ಟ್ರೇ, ಮನೇಲಿ ಏನು ವಿಶೇಷ?” ಅಂತ ಕೇಳುತ್ತಿದ್ದರು. ಪುಡ್ಡಿಂಗೋ ಜೆಲ್ಲಿಯೋ ಮಾಡುತ್ತಿರಬೇಕು ಎಂದು ಅವರ ಲೆಕ್ಕ. ಮೀನಿಗೆ ಅಂದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು.

ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಮೂರಡಿಯ ಗಾಜಿನ ತೊಟ್ಟಿ ಇದೆ. ಅದರಲ್ಲಿರುವ ಗೋಲ್ಡ್‌ಫಿಶ್‌ಗಳಿಗೆ ಮೂರು ವರ್ಷದಿಂದ ನಾನೇ ಊಟ ತಯಾರಿಸುತ್ತಿದ್ದೇನೆ. ಸೀಗಡಿ, ಬಟಾಣಿ, ಸೊಪ್ಪು ರುಬ್ಬಿ, ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡಿ, ಕತ್ತರಿಸಿ ಫ್ರೀಜರಿನಲ್ಲಿ ಇಡುವುದು. ಚೈನಾ ಗ್ರಾಸ್ ಅಂದರೆ ಅಗರ್ ಅಗರ್. ಬಿಳಿ ಎಳೆಗಳು 10 ಗ್ರಾಂ ಪೊಟ್ಟಣದಲ್ಲಿ ಸಿಗುತ್ತವಲ್ಲ, ಅದೇ. ಮೀನು ಸಾಕುವವರು ಇದನ್ನು ಕೊಳ್ಳಬಹುದಾ ಅಂದರೆ, ಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಇದರಲ್ಲಿ ಒಂದು ಮೋಸ ಇದೆ. ಅದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಒಂದು ಮೀನು ಹೋಗಿತ್ತು.

ಈ ಉಸಾಬರಿಗೆ ಬಿದ್ದದ್ದು ಬೋಂಡನಿಂದ. ಬೋಂಡ ನಮ್ಮ ದೊಡ್ಡ ಒರಾಂಡಾ ಜಾತಿಯ ಗೋಲ್ಡ್‌ಫಿಶ್. ಮಗಳು ಇಟ್ಟ ಹೆಸರು, ನೋಡಿದರೆ ನೀವೂ ಅದನ್ನೇ ಇಡುತ್ತಿದ್ದಿರಿ. ಅಂಗಡಿಯ ತೇಲುವ ಮೀನಿನ ಕಾಳು ಹಾಕಿದರೆ ಅದು ಮೇಲೆ ಬಂದು ಗಾಳಿಯ ಸಮೇತ ನುಂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಗೋಲ್ಡ್‌ಫಿಶ್‌ಗೆ ನಮ್ಮ ಹಾಗೆ ಜಠರ ಇಲ್ಲ, ತಿಂದದ್ದು ನೇರ ಕರುಳಿಗೆ. ಅದರಲ್ಲೂ ಇದು ತಲೆಮಾರುಗಟ್ಟಲೆ ಆರಿಸಿ ಆರಿಸಿ ಗುಂಡಗೆ ಮಾಡಿದ ಜಾತಿ, ಒಳಗೆ ಜಾಗವೇ ಕಡಿಮೆ. ಬಟಾಣಿ ಬೇಯಿಸಿ ಸಿಪ್ಪೆ ತೆಗೆದು ಕೊಟ್ಟ ದಿನ ಸರಿ ಇರುತ್ತಿತ್ತು. ಹಾಗಂತ ದಿನಾ ಬರೀ ಬಟಾಣಿಯಲ್ಲಿ ಬದುಕು ಸಾಗುತ್ತದಾ? ಮುಳುಗುವ ಒಳ್ಳೆಯ ವಿದೇಶಿ ಕಾಳಿಗೆ 100 ಗ್ರಾಂಗೆ 400 ರೂಪಾಯಿ ಕೊಟ್ಟು ಬಂದೆ. ನಮ್ಮ ಮನೆಯಲ್ಲಿ ಯಾರೂ ಕಿಲೋಗೆ 4000 ರೂಪಾಯಿಯ ಊಟ ಮಾಡುವುದಿಲ್ಲ ಎಂದು ಹೆಂಡತಿ ನೆನಪಿಸಿದಳು.

ಪಕ್ಕದ ಮನೆಯವರದು ಬೇರೆ ಸಲಹೆ. “ಸುಮ್ನೆ ಮಂಡಕ್ಕಿ ಹಾಕಿ ಮೇಷ್ಟ್ರೇ. ಚಿಬ್ಬಲಗುಡ್ಡೆಯಲ್ಲಿ ತಿನ್ನಲ್ವಾ?” ಅಲ್ಲಿನ ಹೊಳೆ ದಂಡೆಯ ದೇವಸ್ಥಾನದ ಮೀನುಗಳು ತಿನ್ನುತ್ತವೆ, ನಿಜ. ಆದರೆ ಆ ಮೀನುಗಳಿಗೆ ಇಡೀ ತುಂಗೆ ಇದೆ. ಮಂಡಕ್ಕಿ ಅವಕ್ಕೆ ದೇವಸ್ಥಾನಕ್ಕೆ ಬಂದವರ ಕೈಯಿಂದ ಸಿಗುವ ಕುರುಕಲು ತಿಂಡಿ. ನನ್ನ ಮೀನುಗಳಿಗೆ ಇರುವುದು ನಾನೊಬ್ಬನೇ.

ಊಟ ಮನೆಯಲ್ಲೇ ಮಾಡೋಣ ಅಂತ ಹೊರಟೆ. ಗಟ್ಟಿ ಮಾಡಲು ಮೊದಲು ತಂದದ್ದು ಜೆಲಾಟಿನ್. ಎಲ್ಲರೂ ಅದನ್ನೇ ಹೇಳುತ್ತಾರೆ. ಅಮ್ಮ ಡಬ್ಬಿ ತಿರುಗಿಸಿ ನೋಡಿ “ಇದೆಂಥದಾ?” ಅಂದಳು. ದನ, ಹಂದಿಯ ಚರ್ಮ, ಎಲುಬಿನಿಂದ ತೆಗೆಯುವುದು ಅಂತ ನಿಜ ಹೇಳಿದೆ. ಅಲ್ಲಿಗೆ ಮುಗಿಯಿತು. ವಾರಕ್ಕೆರಡು ದಿನ ಬಂಗುಡೆ ಸಾರು ಮಾಡುವ ಒಲೆಯೇ ಅದು, ಆದರೂ ಜೆಲಾಟಿನ್ ಹಿತ್ತಿಲ ಒಲೆಗೆ ಹೋಯಿತು. ಅದೇನೂ ದೊಡ್ಡ ನಷ್ಟ ಆಗಲಿಲ್ಲ ಬಿಡಿ. ಜೆಲಾಟಿನ್ 30–35 ಡಿಗ್ರಿಗೆಲ್ಲ ಕರಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಕತ್ತರಿಸುತ್ತಾ ಕತ್ತರಿಸುತ್ತಾ ಕೈಯಲ್ಲೇ ಲೋಳೆಯಾಗುತ್ತಿತ್ತು.

ಚೈನಾ ಗ್ರಾಸ್ ಹೇಳಿಕೊಟ್ಟವಳು ಅಮ್ಮನೇ. ಅದು ಕಡಲ ಪಾಚಿಯಿಂದ ಬರುವುದು. ತಮಿಳುನಾಡಿನ ಮನ್ನಾರ್ ಕೊಲ್ಲಿ ಕಡೆ ಹೆಂಗಸರು ನೀರಿಗಿಳಿದು ಆ ಪಾಚಿ ಕಿತ್ತು ತರುತ್ತಾರೆ. “ಹಾಲುಬಾಯಿ ಹೊಯ್ದ ಹಾಗೆ ತಟ್ಟೆಗೆ ಹೊಯ್ಯಿ, ತುಪ್ಪ ಸವರುವುದು ಮರೀಬೇಡ” ಅಂದಳು. ತುಪ್ಪ ಮಾತ್ರ ಬಿಟ್ಟೆ. ತೊಟ್ಟಿಯ ನೀರಿನ ಮೇಲೆ ಜಿಡ್ಡು ಕಟ್ಟುತ್ತದೆ. ತಟ್ಟೆಗೆ ನೀರು ಚಿಮುಕಿಸಿದರೆ ಸಾಕು, ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಮಾಡುವುದು ಭಾನುವಾರ ಮಧ್ಯಾಹ್ನ, ಎಲ್ಲರೂ ಮಲಗಿದ ಮೇಲೆ. ಎಳೆಗಳನ್ನು ಕತ್ತರಿಯಲ್ಲಿ ಚಿಕ್ಕದಾಗಿ ಕತ್ತರಿಸಿ ಅರ್ಧ ಗಂಟೆ ನೆನೆಹಾಕುತ್ತೇನೆ. 200 ಗ್ರಾಂ ಸುಲಿದ ಸೀಗಡಿಯನ್ನು ಎರಡು ಮೂರು ನಿಮಿಷ ಕುದಿಸುತ್ತೇನೆ. ಹಸಿಯದೇ ಒಳ್ಳೆಯದು ಅನ್ನುವವರಿದ್ದಾರೆ. ಆದರೆ ಕೆಲವು ಜಾತಿಯ ಹಸಿ ಮೀನು, ಸೀಗಡಿಯಲ್ಲಿ ಥಯಾಮಿನೇಸ್ ಅಂತ ಒಂದು ಇರುತ್ತದೆ, ಅದು ಊಟದಲ್ಲಿರುವ ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ಬೇಯಿಸಿದರೆ ಅದರ ಆಟ ಮುಗಿಯಿತು. ಇನ್ನೊಂದು ಕಡೆ ಬಟಾಣಿ, ಒಂದು ಹಿಡಿ ನುಗ್ಗೆ ಸೊಪ್ಪು, ಅರ್ಧ ಕ್ಯಾರೆಟ್ ಬೇಯುತ್ತಿರುತ್ತವೆ. ಬಟಾಣಿಯ ಸಿಪ್ಪೆ ಒಂದೊಂದಾಗಿ ಹಿಸುಕಿ ತೆಗೆಯುವುದು ನನಗೆ ತುಂಬಾ ಇಷ್ಟದ ಕೆಲಸ. ರೇಡಿಯೋ ಹಾಕಿಕೊಂಡು ಕೂತರೆ ಎಷ್ಟು ಹೊತ್ತಾದರೂ ಬೇಸರ ಇಲ್ಲ. ಎಲ್ಲ ಸೇರಿಸಿ ಹಳೆಯ ಮಿಕ್ಸಿಯ ಚಿಕ್ಕ ಜಾರಿನಲ್ಲಿ ರುಬ್ಬುತ್ತೇನೆ. ಆ ಜಾರಿನ ಮೇಲೆ ಹೆಂಡತಿ ಕೆಂಪು ಅಕ್ಷರದಲ್ಲಿ ‘ಮೀನು’ ಎಂದು ಬರೆದಿಟ್ಟಿದ್ದಾಳೆ. ತಪ್ಪಿ ಯಾರಾದರೂ ಚಟ್ನಿ ಅರೆದಾರು ಅಂತ.

10 ಗ್ರಾಂ ಎಳೆಗೆ 400 ಎಂಎಲ್ ನೀರು ಹಾಕಿ ಚೆನ್ನಾಗಿ ಕುದಿಸಬೇಕು, ಒಂದೂ ಎಳೆ ಕಾಣಬಾರದು. ಅದು ಕರಗಲು 85 ಡಿಗ್ರಿ ಆಸುಪಾಸು ಬಿಸಿ ಬೇಕು. ಸುಮಾರು ಅರ್ಧ ಕಿಲೋ ಆಗುವ ಆ ಮುದ್ದೆ ಬೆಚ್ಚಗಿರುವಾಗಲೇ ಇದನ್ನು ಹೊಯ್ದು ಕಲಸಬೇಕು. 40 ಡಿಗ್ರಿಗೆ ಇಳಿಯುತ್ತಿದ್ದಂತೆ ಕಟ್ಟಿಕೊಳ್ಳಲು ಶುರು. ಒಮ್ಮೆ ಡಿಸೆಂಬರಿನಲ್ಲಿ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಸೀಗಡಿ ರುಬ್ಬಿ ಕಲಸಿದೆ. ಪಾತ್ರೆಯಲ್ಲೇ ಗಂಟು ಗಂಟಾಯಿತು. ಪರವಾಗಿಲ್ಲ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ವಿಟಮಿನ್ ಹನಿ ಹಾಕುವವರಿಗೆ ಮಾತ್ರ ಇಲ್ಲಿ ಸ್ವಲ್ಪ ಕಷ್ಟ. ಬಿಸಿಯಲ್ಲಿ ಹಾಕಿದರೆ ಸಿ ವಿಟಮಿನ್ ಹಾಳು, ಕಾಯುತ್ತಾ ಕೂತರೆ ಗಟ್ಟಿ. ಎರಡರ ನಡುವೆ ಸಿಗುವುದು ಕೆಲವೇ ನಿಮಿಷ. ಈ ವಿಷಯದಲ್ಲಿ ಜೆಲಾಟಿನ್ನೇ ಮೇಲು, ಉಗುರು ಬೆಚ್ಚಗಿದ್ದರೂ ಅದು ನೀರಾಗಿರುತ್ತದೆ. ಮೀನಿಗೆ ಅದು ಜೀರ್ಣವೂ ಆಗುತ್ತದೆ. ಚೈನಾ ಗ್ರಾಸ್‌ನಲ್ಲಿ ಹೊಟ್ಟೆಗೆ ಹತ್ತುವಂಥದ್ದು ಏನೂ ಇಲ್ಲ, ಬರೀ ನಾರು.

ಆದರೂ ಮೊದಲ ವರ್ಷ ನಾನು ಇದರ ಮೋಹದಲ್ಲಿ ಬಿದ್ದಿದ್ದೆ. ಬೆಳಗ್ಗೆ ಆರೂವರೆಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಒಂದು ತುಂಡು ತೆಗೆದು ಸ್ಟೀಲ್ ಮುಚ್ಚಳದ ಮೇಲೆ ಇಡುತ್ತೇನೆ. ಮುಚ್ಚಳ ಟಿಣ್ ಎಂದದ್ದೇ ತಡ, ಮೀನೆಲ್ಲ ಮೂಲೆಗೆ ಬಂದು ಗಾಜಿಗೆ ಮೂತಿ ಒತ್ತಿ ನಿಲ್ಲುತ್ತವೆ. ಕಾಫಿ ಮುಗಿಯುವಷ್ಟರಲ್ಲಿ ಮಂಜು ಬಿಟ್ಟಿರುತ್ತದೆ. ಚಾಕುವಿನಲ್ಲಿ ಹೆಸರುಕಾಳಿನಷ್ಟು ಸಣ್ಣಗೆ ಹೆಚ್ಚಿ ಬೆರಳಲ್ಲಿ ಹಿಡಿದು ನೀರಿಗೆ ಬಿಡುತ್ತೇನೆ. ಮೆಲ್ಲಗೆ ಇಳಿಯುತ್ತದೆ, ಬೋಂಡ ಹಿಂದೆಯೇ ಇಳಿದು ತಿನ್ನುತ್ತದೆ. ಗಾಳಿ ನುಂಗುವುದು ಹೋಯಿತು, ಮಗುಚಿಕೊಳ್ಳುವುದೂ ಹೋಯಿತು. ಬಿದ್ದು ಉಳಿದ ಚೂರು ಸಂಜೆಗೂ ಚೂರಾಗಿಯೇ ಇರುತ್ತದೆ. ನೀರು ಕದಡದೆ ಪೈಪಿನಲ್ಲಿ ಎಳೆದು ಹಾಕಬಹುದು. ಪೊಟ್ಟಣ 60 ರೂಪಾಯಿ, ಎಲ್ಲ ಸೇರಿ ಒಂದು ಸಲಕ್ಕೆ 250. ಆಗಿದ್ದ ನನ್ನ ಮೂರು ಮೀನಿಗೆ ಮೂರು ತಿಂಗಳು. ಸಿಕ್ಕವರಿಗೆಲ್ಲ ಇದರ ಪುರಾಣ ಹೇಳಿಕೊಂಡು ತಿರುಗಿದೆ.

ಆಮೇಲೆ ಮಳೆಗಾಲ ಬಂತು.

ನಮ್ಮಲ್ಲಿಗೆ ಸೀಗಡಿ ಕರಾವಳಿಯಿಂದ ಘಾಟಿ ಹತ್ತಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆ ಎರಡು ತಿಂಗಳು ಸೀಗಡಿ ಕಂಡರೂ ರೇಟು ಕೇಳಿ ಮುಂದೆ ಹೋಗಬೇಕು ಅಷ್ಟೇ. ಅದಕ್ಕೇ ಮೇ ಕೊನೆಗೆ ಎರಡು ಪಾಲು ಮಾಡಿ ಫ್ರೀಜರ್ ತುಂಬಿಸಿದೆ. ಬುದ್ಧಿವಂತ ಅಂದುಕೊಂಡೆ. ತೀರ್ಥಹಳ್ಳಿಯಲ್ಲಿ ಜುಲೈ ಕಳೆದವರಿಗೆ ಮುಂದಿನದು ಹೇಳಬೇಕಾಗಿಲ್ಲ.

ಪುನರ್ವಸು ಮಳೆ ಹೊಡೆಯುತ್ತಿತ್ತು. ತಂಗಿಯ ಮನೆಯಲ್ಲಿ ಮೂರು ದಿನದ ಕಾರ್ಯ, ಎಲ್ಲರೂ ಹೋಗಿದ್ದೆವು. ವಾಪಸು ಬಂದಾಗ ಲೈಟು ಉರಿಯುತ್ತಿತ್ತು, ಫ್ರಿಜ್ ಗುಂಯ್ ಅನ್ನುತ್ತಿತ್ತು. ಫ್ರೀಜರ್ ತೆಗೆದೆ. ತುಂಡುಗಳು ಕಲ್ಲಿನ ಹಾಗೆ, ಇಟ್ಟ ಸಾಲಿನಲ್ಲೇ ಕೂತಿವೆ. ಅಂಚು ಕೂಡ ಮುಕ್ಕಾಗಿಲ್ಲ. ಮೂರು ದಿನ ಉಪವಾಸ ಇದ್ದವಲ್ಲ ಅಂತ ಧಾರಾಳವಾಗಿ ಹಾಕಿದೆ. ಮರುದಿನವೂ ಹಾಕಿದೆ. ಪಕ್ಕದ ಮನೆಯವರು ಬೇಲಿ ಹತ್ತಿರ ಸಿಕ್ಕಿ “ಮರ ಬಿದ್ದು ಎರಡು ರಾತ್ರಿ ಕರೆಂಟೇ ಇರಲಿಲ್ಲ, ನೀವು ತಪ್ಪಿಸಿಕೊಂಡಿರಿ” ಅಂದದ್ದು ಅದರ ಮಾರನೆಯ ದಿನ.

ಅಷ್ಟು ಹೊತ್ತಿಗೆ ಮೂರರಲ್ಲಿ ಒಂದಾದ ಕರಿ ಮೂರ್ ಜಾತಿಯ ಗೋಲ್ಡ್‌ಫಿಶ್ ತಳ ಹಿಡಿದು ಕೂತಿತ್ತು. ನೀರು ಪರೀಕ್ಷೆ ಮಾಡಿದರೆ ಅಮೋನಿಯಾ ಬಣ್ಣ ಹಳದಿಯ ಬದಲು ಹಸಿರು, ಅಂದರೆ ನೀರು ಕೆಟ್ಟಿದೆ. ಅರ್ಧ ನೀರು ಬದಲಿಸಿದೆ, ಮರುದಿನ ಮತ್ತರ್ಧ. ನಾಲ್ಕನೇ ದಿನ ಅದು ಹೋಯಿತು. ಊಟವೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಕರೆಂಟ್ ಇಲ್ಲದೆ ಫಿಲ್ಟರೂ ನಿಂತಿತ್ತು, ಅದೂ ಸಣ್ಣ ತೊಂದರೆ ಅಲ್ಲ. ಆದರೆ ಫ್ರೀಜರಿನ ಒಂದು ತುಂಡನ್ನು ಬಿಸಿನೀರಿನಲ್ಲಿ ಹಿಸುಕಿ ಮೂಗಿನ ಹತ್ತಿರ ಹಿಡಿದೆ. ಬೆಳ್ಳುಳ್ಳಿ ವಾಸನೆಯ ಕೆಳಗೆ ಬೇರೆಯದೇ ವಾಸನೆ ಇತ್ತು. ಮೀನಿಗೆ ರುಚಿಯಾಗಲಿ ಅಂತ ನಾನೇ ಹಾಕಿದ್ದ ಬೆಳ್ಳುಳ್ಳಿ, ಎಸಳು ಲೆಕ್ಕ ಇಲ್ಲದೆ.

ಶಂಕರಘಟ್ಟದಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದೆ. ಅವಳು ಒಂದು ನಿಮಿಷ ಸುಮ್ಮನಿದ್ದಳು. “ಅಪ್ಪಾ, ನಾವು ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸೋದೇ ಅಗರ್ ಮೇಲೆ. ನೀನು ಅದಕ್ಕೆ ಸೀಗಡಿ ಬೇರೆ ಹಾಕಿದೀಯ.”

ಅವಳು ಹೇಳಿದ ಕಥೆ ಇದು. 1881ರ ಹೊತ್ತಿಗೆ ಜರ್ಮನಿಯ ರಾಬರ್ಟ್ ಕಾಖ್ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರಂತೆ. ಬೇಸಿಗೆಯಲ್ಲಿ ಅದು ಕರಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅಲ್ಲಿದ್ದ ವಾಲ್ಟರ್ ಹೆಸ್ಸೆಗೆ ಅವನ ಹೆಂಡತಿ ಫ್ಯಾನಿ ಅಗರ್ ಹಾಕಿ ನೋಡು ಅಂದಳು. ಅವಳು ಅಡುಗೆಮನೆಯಲ್ಲಿ ಅದರಿಂದ ಜೆಲ್ಲಿ ಮಾಡುತ್ತಿದ್ದಳು, ಜಾವಾದಲ್ಲಿ ಇದ್ದು ಬಂದ ನೆರೆಯವರಿಂದ ಕಲಿತದ್ದು. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅಗರ್ ಜೀರ್ಣವಾಗುವುದಿಲ್ಲ. ಅವು ಮೇಲೆ ಎಷ್ಟು ಬೆಳೆದರೂ ಕೆಳಗಿನದು ಗಟ್ಟಿಯಾಗಿಯೇ ಇರುತ್ತದೆ. ಕಾಖ್ ತನ್ನ 1882ರ ಕ್ಷಯರೋಗದ ಲೇಖನದಲ್ಲಿ ಅಗರ್ ಬಗ್ಗೆ ಬರೆದ, ಆ ಹೆಂಗಸಿನ ಹೆಸರು ಮಾತ್ರ ಬರೆಯಲಿಲ್ಲ. (ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೇನೂ ಆಶ್ಚರ್ಯ ಆಗಲಿಲ್ಲ.)

ನಾನು ಮೆಚ್ಚಿಕೊಂಡಿದ್ದ ಗುಣವೇ ಅದು. ಜೆಲಾಟಿನ್ ಆಗಿದ್ದರೆ ಎರಡು ದಿನದಲ್ಲಿ ಮೆತ್ತಗಾಗಿ, ಜರಿದು, ಮತ್ತೆ ಅಡ್ಡಾದಿಡ್ಡಿ ಹೆಪ್ಪುಗಟ್ಟಿರುತ್ತಿತ್ತು. ನೋಡಿದ ಕೂಡಲೇ ಎಸೆಯುತ್ತಿದ್ದೆ. ಚೈನಾ ಗ್ರಾಸ್ ಒಳಗೆ ಕೊಳೆತರೂ ಹೊರಗೆ ಇಸ್ತ್ರಿ ಮಾಡಿದ ಹಾಗೆ ನಿಂತಿತ್ತು.

ಸಿಟ್ಟಿನಲ್ಲಿ ಒಂದೂವರೆ ತಿಂಗಳು ಮತ್ತೆ ಕಾಳಿಗೆ ಹೋದೆ. ಬೋಂಡ ಮತ್ತೆ ಮಗುಚಿಕೊಳ್ಳಲು ಶುರು ಮಾಡಿತು. ಗಣಪತಿ ಹಬ್ಬ ಮುಗಿಸಿ ಮತ್ತೆ ಎರಡು ಪೊಟ್ಟಣ ತಂದೆ.

ಈಗ ಕ್ರಮ ಬದಲಾಗಿದೆ. ಬೆಳ್ಳುಳ್ಳಿ ಒಂದೇ ಎಸಳು, ಕೆಟ್ಟರೆ ವಾಸನೆ ಗೊತ್ತಾಗಬೇಕು. ಜೂನ್, ಜುಲೈಯಲ್ಲಿ ವಾರಕ್ಕೆ ಆಗುವಷ್ಟೇ ಮಾಡುತ್ತೇನೆ. ಹಸಿ ಸೀಗಡಿ ಬದಲು ಒಣ ಸೀಗಡಿ, ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ. ಅದು ಸಿಗದಿದ್ದರೆ ಬೇಯಿಸಿದ ಮೊಟ್ಟೆಯ ಬಿಳಿ. ಪೊಟ್ಟಣ ಒಡೆದ ಮೇಲೆ ಉಳಿದ ಎಳೆಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ನಮ್ಮ ಮಳೆಗೆ ಹಪ್ಪಳದ ಹಾಗೆ ಮೆತ್ತಗಾಗುತ್ತವೆ, ಕತ್ತರಿಸಲು ಬರುವುದಿಲ್ಲ. ಪುಡಿಯೂ ಸಿಗುತ್ತದೆ, ಬೇಗ ಕರಗುತ್ತದೆ, ಆದರೆ ರೇಟು ಜಾಸ್ತಿ. ನೆನೆಹಾಕಲು ಅರ್ಧ ಗಂಟೆ ಇಲ್ಲದವರಿಗೆ ಅದು. ಒಟ್ಟಿನಲ್ಲಿ ಚೈನಾ ಗ್ರಾಸ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕರೆಂಟ್ ಹೋಗದ ಊರಿನವರು ಐದು ಕೊಟ್ಟುಕೊಳ್ಳಲಿ.

ಫ್ರೀಜರಿನ ಮೂಲೆಯಲ್ಲಿ ಒಂದು ಸಣ್ಣ ಸ್ಟೀಲ್ ಲೋಟ ಇದೆ. ಅದರಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಐದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ನಾಣ್ಯ ಮೇಲೇ ಇದ್ದರೆ ಸರಿ. ಮಂಜುಗಡ್ಡೆಯ ತಳಕ್ಕೆ ಹೋಗಿದ್ದರೆ ನಾವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಇಡೀ ಡಬ್ಬಿ ತೆಂಗಿನ ಬುಡಕ್ಕೆ. ಎರಡು ವರ್ಷದಲ್ಲಿ ಮೂರು ಸಲ ಹಾಗಾಗಿದೆ. ಮೊನ್ನೆ ಐಸ್‌ಕ್ರೀಂ ತೆಗೆಯಲು ಹೋದ ಅತ್ತಿಗೆ ನಾಣ್ಯ ನೋಡಿ, ಇದು ಯಾವ ದೇವರ ಹರಕೆ ಅಂತ ಕೇಳಿದರು. ಅಮ್ಮ ಬೋಂಡನ ಕಡೆ ಕೈ ತೋರಿಸಿದಳು.